ಎರಡನೆಯ ಬ್ರೇಕು

ನಮ್ಮ ಮನೆಯಲ್ಲಿ ನನ್ನ ಬಲಗಾಲಿಗೆ ಕಾಸಿನ ಕಿಮ್ಮತ್ತಿಲ್ಲ. ಈ ಊರಿನ ಅರ್ಧದಷ್ಟು ದೀಪದ ಕಂಬಗಳು ಇನ್ನೂ ನೆಟ್ಟಗೆ ನಿಂತಿರುವುದು ಈ ಕಾಲಿನ ದಯೆಯಿಂದ ಎಂದರೆ ಹೆಂಡತಿ ನಗುತ್ತಾಳೆ, ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾನೆ.

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರು. ನಮ್ಮ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದಲ್ಲಿ ಕೂರುವ ನನ್ನ ಕಾಲಡಿ ಇನ್ನೊಂದು. ಅವರು ಕಣ್ಣು ಕಣ್ಣು ಬಿಡುತ್ತ ಸ್ಟೀರಿಂಗ್ ತಬ್ಬಿಕೊಂಡಿರುವಾಗ ನಾನು ಸದ್ದಿಲ್ಲದೆ ನನ್ನದನ್ನು ಒತ್ತುತ್ತೇನೆ. ಇಪ್ಪತ್ತೆರಡು ವರ್ಷ ಒತ್ತಿ ಒತ್ತಿ ಈಗ ಕಾಲಿಗೆ ನನ್ನ ಅಪ್ಪಣೆಯೇ ಬೇಕಿಲ್ಲ. ಬಸ್ಸಿನಲ್ಲಿ ಕೂತರೂ ಒತ್ತುತ್ತದೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದರೂ ಒತ್ತುತ್ತದೆ, ಹೆಂಡತಿ ಅಡುಗೆಗೆ ಎರಡನೇ ಚಮಚ ಉಪ್ಪು ಹಾಕಲು ಹೊರಟರೂ ಒತ್ತುತ್ತದೆ. ನಮ್ಮ ಸೋಫಾದ ಮುಂದೆ ಒಂದೇ ಒಂದು ಟೈಲ್ಸು ಹೊಳಪು ಕಳೆದುಕೊಂಡಿದೆ. (ನನ್ನ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಮೂರು ತಿಂಗಳು ಮೊದಲೇ ಸವೆಯುತ್ತದೆ. ಒಂಟಿ ಚಪ್ಪಲಿ ಯಾವ ಅಂಗಡಿಯವನೂ ಮಾರುವುದಿಲ್ಲ.)

ಇಂಥವನ ಮಗ ಎಂಟು ತಿಂಗಳಿನಿಂದ ಕಣ್ಣೆದುರೇ ಹಳ್ಳಕ್ಕೆ ಇಳಿಯುತ್ತಿದ್ದರೂ ನನ್ನ ಕಾಲಿಗೆ ಸುಳಿವೇ ಸಿಗಲಿಲ್ಲವಲ್ಲ ಎಂಬುದೇ ನನ್ನ ದುಃಖ.

ಗೊತ್ತಾದದ್ದು ಹೀಗೆ. ನನ್ನ ಬಳಿ ಕಲಿಯುವವರಲ್ಲಿ ಒಬ್ಬರು ನಿವೃತ್ತ ಹೆಡ್‌ಮಿಸ್. ವಯಸ್ಸು ಅರವತ್ಮೂರು. ಸರ್ವೀಸಿನ ಉದ್ದಕ್ಕೂ ಮೇಷ್ಟ್ರುಗಳನ್ನು ಗಡಗಡ ನಡುಗಿಸಿದವರು ನನ್ನನ್ನು ಮಾತ್ರ ಬಾಯಿ ತುಂಬ "ಮೇಷ್ಟ್ರೇ" ಎನ್ನುತ್ತಾರೆ. ಒಂದು ಬೆಳಿಗ್ಗೆ ಅವರು ಬರುವ ಹೊತ್ತಿಗೆ ಹಿಂದಿನ ಸೀಟಿನ ಸಂದಿಯಲ್ಲಿ ನನಗೊಂದು ನೀಲಿ ಪೆನ್ನು ಸಿಕ್ಕಿತು. ಅವರ ಹಾಜರಿ ಕಾರ್ಡಿನ ಮೇಲೆ ಗೀಚಿದೆ, ಬರೆಯಲಿಲ್ಲ. ಅಲ್ಲಾಡಿಸಿ ಗೀಚಿದೆ. ಊದಿ ಗೀಚಿದೆ.

"ಮೇಷ್ಟ್ರೇ, ಅದು ಪೆನ್ನಲ್ಲ," ಎಂದರು ಹೆಡ್‌ಮಿಸ್, ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ. "ವೇಪು. ಹೊಗೆ ಎಳೆಯೋ ಯಂತ್ರ. ಕೊನೇ ಐದು ವರ್ಷ ನಾನು ಇಂಥವನ್ನ ಡಬ್ಬಗಟ್ಟಲೆ ಕಿತ್ಕೊಂಡಿದೀನಿ. ಮೂಸಿ ನೋಡಿ."

ಮೂಸಿದೆ. ಸ್ಟ್ರಾಬೆರಿ. ಅದೇ ವಾಸನೆ ಎಂಟು ತಿಂಗಳಿನಿಂದ ನಮ್ಮ ಬಚ್ಚಲಮನೆಯಲ್ಲಿ ಘಮಘಮಿಸುತ್ತಿತ್ತು. ಹದಿನೈದರ ಹುಡುಗನಿಗೆ ಕೊನೆಗೂ ಸೋಪಿನ ಪರಿಚಯವಾಯಿತು ಎಂದು ನಾನು ನೆಂಟರಿಷ್ಟರ ಮುಂದೆ ಕೊಚ್ಚಿಕೊಂಡಿದ್ದೆ. ಆ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಕೂತು ಶಾಲೆಗೆ ಹೋದವನು ಅವನೊಬ್ಬನೇ. ಇನ್ನೊಂದು ಸಂಗತಿಯೂ ಆಗಲೇ ಹೊಳೆಯಿತು. ನಮ್ಮದು ನಾಲ್ಕನೇ ಮಹಡಿ, ಲಿಫ್ಟು ಕೆಟ್ಟು ಯಾವ ಕಾಲವಾಯಿತೋ. ಮೂರು ಮೂರು ಮೆಟ್ಟಿಲು ಹಾರುತ್ತ ಹತ್ತುತ್ತಿದ್ದ ಹುಡುಗ ಈಚೆಗೆ ಎರಡನೇ ಮಹಡಿಯಲ್ಲಿ ಶೂ ಲೇಸು ಕಟ್ಟುವ ನೆಪ ಮಾಡಿ ನಿಲ್ಲುತ್ತಿದ್ದ. ಅವನ ಶೂಗೆ ಲೇಸೇ ಇರಲಿಲ್ಲ.

ಸಂಜೆ ಅವನು ಮನೆಗೆ ಬಂದ ಕೂಡಲೇ ನಾನು ಬ್ರೇಕ್ ಒತ್ತಿದೆ. ಮೊದಲು ಮೊಬೈಲು ಜಪ್ತಿ. ಆಮೇಲೆ ಉಪನ್ಯಾಸ. ಶ್ವಾಸಕೋಶದ ರಚನೆ, ಮನೆತನದ ಮರ್ಯಾದೆ, ನನ್ನ ಬಾಲ್ಯದಲ್ಲಿ ಬೀಸುತ್ತಿದ್ದ ಶುದ್ಧ ಗಾಳಿ, ಯಾವುದನ್ನೂ ಬಿಡಲಿಲ್ಲ. ನಲವತ್ತು ನಿಮಿಷದ ಆ ಮಹಾಭಾಷಣಕ್ಕೆ ಮಗ ಒಂಬತ್ತು ಸಲ "ಹೂಂ" ಎಂದ.

ನನ್ನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಗಿರಾಕಿಗಳ ಕಣ್ಣಿನ ಮುಂದೆ ಗಾಜು ಬದಲಾಯಿಸುತ್ತ "ಇದು ಸ್ಪಷ್ಟವಾ, ಇದಾ?" ಎಂದು ಕೇಳಿ ಕೇಳಿ ಅವಳಿಗೆ ಪ್ರಶ್ನೆಯ ಅಭ್ಯಾಸ ಹೆಚ್ಚು, ಭಾಷಣದ್ದು ಕಡಿಮೆ. ನನ್ನದು ಮುಗಿದ ಮೇಲೆ ಅವಳು ಒಂದೇ ಮಾತು ಕೇಳಿದಳು.

"ಬಿಡ್ಬೇಕು ಅಂತ ಇದೆಯಾ ನಿಂಗೆ?"

ಅವನ ಕಣ್ಣು ತುಂಬಿಕೊಂಡಿತು. "ಮೂರು ಸಲ ಬಿಟ್ಟೆ ಅಮ್ಮ. ಎರಡು ದಿನ ಆಗೋಷ್ಟರಲ್ಲಿ ಕೈ ನಡುಗುತ್ತೆ. ಕ್ಲಾಸಲ್ಲಿ ಕೂರಕ್ಕೇ ಆಗಲ್ಲ. ನಂಗೇ ಭಯ ಆಗ್ತಿದೆ."

ಅಲ್ಲಿಯವರೆಗೆ ನನಗೆ ಸಿಟ್ಟು ಬಂದಿದೆ ಎಂದುಕೊಂಡಿದ್ದೆ. ಅದು ಸಿಟ್ಟಲ್ಲ, ಬರೀ ಹೆದರಿಕೆ. ಅವನ ಎದೆಯಿಂದ ಬರುತ್ತಿದ್ದ ಸಣ್ಣ ಸಿಳ್ಳೆಯಂಥ ಸದ್ದು ನನಗೆ ಅವತ್ತೇ ಮೊದಲು ಕೇಳಿಸಿದ್ದು.

ಮಾರನೆಯ ದಿನ ಹೆಂಡತಿ ಶಾಲೆಯ ಆಪ್ತಸಮಾಲೋಚಕಿಯನ್ನು ಕಂಡು ಬಂದಳು. ಈ ವಯಸ್ಸಿನ ಮಕ್ಕಳಿಗೆ ವೇಪು ಬಿಡಿಸಲೆಂದೇ ಮಾಡಿದ ಒಂದು ಆ್ಯಪ್ ಇದೆಯಂತೆ.

"ಅವನ ಫೋನ್ ಕೊಡಿ, ಹಾಕ್ಕೊಡ್ತೀನಿ," ಎಂದಳು.

"ಜಪ್ತಿ ಮಾಡಿದ ಮಾಲು ವಾಪಸ್ ಕೊಡೋ ಪದ್ಧತಿ ಇಲ್ಲ."

"ಮತ್ತೆ ಆ್ಯಪನ್ನ ಗೋಡೆ ಮೇಲೆ ಹಾಕ್ಲಾ?"

"ನನ್ನ ಫೋನಿಗೆ ಹಾಕು. ನನ್ನ ಮೇಲುಸ್ತುವಾರೀಲಿ ನಡೀಲಿ."

"ರೀ, ಬಿಡಬೇಕಾಗಿರೋದು ಅವನು ಕಣ್ರೀ."

"ಕಾರು ಓಡಿಸೋದೂ ಕಲಿಯೋರೇ. ಹಾಗಂತ ನನ್ನ ಬ್ರೇಕು ಕಿತ್ತು ಬಿಸಾಕ್ತಾರಾ?"

ಅವಳು ಮೂರು ಮೀಟರ್ ದೂರದ ಅಕ್ಷರವೂ ಕಾಣದ ಗಿರಾಕಿಯನ್ನು ನೋಡುವ ಹಾಗೆ ನನ್ನನ್ನು ನೋಡಿ, ನನ್ನ ಫೋನಿಗೇ ಹಾಕಿಕೊಟ್ಟಳು.

ಆ್ಯಪು ನೋಡಲು ಬಲು ಮುದ್ದಾಗಿತ್ತು. ತೆರೆದರೆ ಒಂದು ಕುಂಡ, ಕುಂಡದಲ್ಲಿ ಒಂದು ಕಡ್ಡಿ. ದಿನಾ ಸಂಜೆ ಏಳಕ್ಕೆ ಅದು ಕೇಳುತ್ತದೆ: ಇವತ್ತು ಹೇಗಿತ್ತು? ಕೆಳಗೆ ಎರಡು ಗುಂಡಿ, "ಗೆದ್ದೆ" ಮತ್ತು "ಜಾರಿದೆ". ಗೆದ್ದರೆ ಕಡ್ಡಿಗೆ ಒಂದು ಎಲೆ. ಜಾರಿದರೆ ಇದ್ದ ಎಲೆ ಉದುರುವುದಿಲ್ಲ, ದಿನದ ಎಣಿಕೆ ಮಾತ್ರ ಸೊನ್ನೆಗೆ ಬರುತ್ತದೆ. ಎಳೆಯಬೇಕೆಂಬ ಚಪಲ ಹುಟ್ಟಿದಾಗ ಒತ್ತಲು ಇನ್ನೊಂದು ಕೆಂಪು ಗುಂಡಿ.

ಮೊದಲನೆಯ ದಿನ ಏಳು ಗಂಟೆಗೆ ಮಗ ಟ್ಯೂಷನ್ನಿನಿಂದ ಇನ್ನೂ ಬಂದಿರಲಿಲ್ಲ. ಫೋನು ಟಿಣ್ ಎಂದಿತು. ಇವತ್ತು ಹೇಗಿತ್ತು? ನಾನು ಕುಂಡವನ್ನು ನೋಡಿದೆ. ಬೋಳು ಕಡ್ಡಿ. ಕಾಯುವುದಾದರೂ ಎಷ್ಟು ಹೊತ್ತು ಎಂದು ಯೋಚಿಸುವಷ್ಟರಲ್ಲಿ ಬೆರಳು "ಗೆದ್ದೆ" ಒತ್ತಿತ್ತು. (ಬೆರಳಿಗೂ ಕಾಲಿಗೂ ಒಂದೇ ಯಜಮಾನ.) ಪುಟ್ಟದೊಂದು ಎಲೆ ಚಿಗುರಿತು. ನನಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಮಾರನೆಯ ದಿನ ಮಗ ಮನೆಯಲ್ಲೇ ಇದ್ದ, ಆದರೆ ಓದುತ್ತಿದ್ದವನನ್ನು ಯಾಕೆ ಎಬ್ಬಿಸುವುದು ಎಂದು ನಾನೇ ಒತ್ತಿದೆ. ಮೂರನೆಯ ದಿನದಿಂದ ಕಾರಣ ಬೇಕಾಗಲಿಲ್ಲ.

ಆ್ಯಪು ದಿನಾ ಒಂದು ಶುಭ ಸಮಾಚಾರ ಕಳಿಸುತ್ತಿತ್ತು. "ನಿನ್ನ ನಾಲಿಗೆಗೆ ರುಚಿ ಮರಳುತ್ತಿದೆ" ಎಂದಿತು ಐದನೆಯ ದಿನ. ಸೌತೆಕಾಯಿ ಕಚ್ಚಿ ನೋಡಿದೆ. ನಿಜ, ರುಚಿ ಎಲ್ಲೋ ಹೋಗಿದ್ದು ಮರಳಿ ಬಂದ ಹಾಗೆಯೇ ಇತ್ತು. "ನಿನ್ನ ಶ್ವಾಸಕೋಶ ಹಗುರಾಗುತ್ತಿದೆ" ಎಂದಾಗ ಹೆಡ್‌ಮಿಸ್ ಪಕ್ಕದಲ್ಲಿ ಕೂತೇ ಹತ್ತು ಸಲ ದೀರ್ಘ ಉಸಿರೆಳೆದೆ. ಅವರು ಗಾಬರಿಯಿಂದ ಕಾರನ್ನು ಫುಟ್‌ಪಾತಿನ ಕಡೆ ತಿರುಗಿಸಿದರು. ನಾನು ಬ್ರೇಕ್ ಒತ್ತಿದೆ.

ಹದಿನಾಲ್ಕನೆಯ ದಿನ ಚಿನ್ನದ ಬಣ್ಣದ ಪದಕವೊಂದು ಬಂತು. ಹಿಗ್ಗಿ ಹೀರೇಕಾಯಿಯಾಗಿ ಅದನ್ನು ನೆಂಟರ ಗ್ರೂಪಿಗೆ ಹಾಕಿಬಿಟ್ಟೆ. ಹಾಕಬೇಕೆಂದಿದ್ದು ಹೆಂಡತಿಗೆ, ಆದರೆ ಹಿಗ್ಗಿದಾಗ ಬೆರಳು ದಪ್ಪವಾಗುತ್ತದೆ. ಪದಕದ ಕೆಳಗೆ "ಹದಿನಾಲ್ಕು ದಿನ ಹೊಗೆಯಿಲ್ಲದೆ!" ಎಂದು ಬರೆದಿದ್ದನ್ನು ಗಮನಿಸುವಷ್ಟರಲ್ಲಿ ನನ್ನ ಅಕ್ಕನ ಫೋನು ಬಂತು.

"ಎಷ್ಟು ವರ್ಷದಿಂದ ಸೇದ್ತಿದ್ಯೋ?" ಎಂದಳು, ಅಳುತ್ತ.

ಮಗ ಎದುರಿಗೇ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಅವನ ಕೈ ನಿಂತಿತು, ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ನಾನು ನಿಜವನ್ನು ನುಂಗಿಕೊಂಡೆ.

"ಬಹಳ ವರ್ಷ ಆಯ್ತು ಅಕ್ಕ," ಎಂದೆ. "ಈಗ ಬಿಟ್ಟಿದೀನಿ."

ಅರ್ಧ ಗಂಟೆ ಮುಖಕ್ಕೆ ಮಂಗಳಾರತಿಯಾಯಿತು. ಜನ್ಮದಲ್ಲಿ ಒಂದು ಬೀಡಿಯನ್ನೂ ಮುಟ್ಟದ ನಾನು ಈಗ ಇಡೀ ಬಳಗದಲ್ಲಿ ತಿದ್ದಿಕೊಂಡ ಧೂಮಪಾನಿ. ಮಗ ಆ ಬ್ರೆಡ್ಡನ್ನು ತಾನು ತಿನ್ನದೆ ನನ್ನ ತಟ್ಟೆಗೆ ಹಾಕಿ ಎದ್ದುಹೋದ.

ಇಪ್ಪತ್ಮೂರನೆಯ ದಿನ ಹೆಡ್‌ಮಿಸ್ ಅವರ ಡ್ರೈವಿಂಗ್ ಪರೀಕ್ಷೆ. ಪರೀಕ್ಷೆಯ ಕಾರಿನಲ್ಲಿ ಎರಡನೆಯ ಬ್ರೇಕು ಇರುವುದಿಲ್ಲ. ನಾನು ಬೇಲಿಯ ಆಚೆ ನಿಂತು ನೋಡುತ್ತಿದ್ದೆ. ಕನ್ನಡಿ ನೋಡಿದರು, ಇಂಡಿಕೇಟರ್ ಹಾಕಿದರು, ಗೇರು ಬದಲಾಯಿಸಿದರು, ಎಲ್ಲ ಕರಾರುವಾಕ್ಕು. ನಿಲ್ಲುವ ಗೆರೆ ಬಂತು. ಕಾರು ಗೆರೆ ದಾಟಿ, ಸಾಲಾಗಿ ಇಟ್ಟ ಆರು ರಬ್ಬರ್ ಕೋನುಗಳನ್ನೂ ಬೀಳಿಸಿ, ಹುಲ್ಲಿನ ಮೇಲೆ ಹೋಗಿ ತಾನಾಗಿ ನಿಂತಿತು. ಅಷ್ಟು ಹೊತ್ತೂ ನಾನು ಬೇಲಿಯಾಚೆ ಮಣ್ಣನ್ನು ಒತ್ತುತ್ತಲೇ ಇದ್ದೆ.

"ಯಾಕೆ ಮೇಡಂ ಬ್ರೇಕ್ ಹಾಕ್ಲಿಲ್ಲ?" ಎಂದು ಕೇಳಿದೆ, ವಾಪಸ್ ಬರುವಾಗ.

"ನಾಲ್ಕು ತಿಂಗಳು ಅದು ತಾನೇ ನಿಲ್ತಿತ್ತು ಮೇಷ್ಟ್ರೇ," ಎಂದರು ಅವರು ಶಾಂತವಾಗಿ. "ನಾನು ಕಾಲಿಡೋ ಮುಂಚೆ ನೀವು ಇಟ್ಟಿರ್ತೀರಿ. ಇವತ್ತೇ ನೋಡಿ, ಆ ಪೆಡಲ್ಲು ನನ್ನದು ಅಂತ ಗೊತ್ತಾಗಿದ್ದು."

ಇಂಗು ತಿಂದ ಮಂಗನ ಮುಖ ಹೊತ್ತು ಮನೆಗೆ ಹೊರಟೆ. ಎರಡನೇ ಮಹಡಿ ತಲುಪುವಾಗ ಸ್ಟ್ರಾಬೆರಿ ವಾಸನೆ. ಮಗ ಮೆಟ್ಟಿಲ ಮೇಲೆ ಕೂತಿದ್ದ, ಕೈಯಲ್ಲಿ ಇನ್ನೊಂದು ನೀಲಿ ಪೆನ್ನು. ನನ್ನನ್ನು ಕಂಡು ಬಚ್ಚಿಡಲೂ ಇಲ್ಲ.

"ಇಪ್ಪತ್ಮೂರು ಎಲೆ ಬಂದಿದೆಯಲ್ಲೋ," ಎಂದೆ.

"ಅದು ನಿನ್ನ ಗಿಡ ಅಪ್ಪ. ನಾನು ಹನ್ನೆರಡು ದಿನ ಜಾರಿದೀನಿ."

"ಮತ್ತೆ ಹೇಳೋದಲ್ವಾ ನಂಗೆ?"

"ಯಾವಾಗ ಹೇಳ್ಲಿ? ಅದು ದಿನಾ ನನ್ನ ಕೇಳ್ತಿತ್ತು. ನೀನು ಉತ್ತರ ಕೊಡ್ತಿದ್ದೆ."

ಬಲಗಾಲು ಮೆಟ್ಟಿಲನ್ನು ಒತ್ತಿತು. ನಲವತ್ತು ನಿಮಿಷದ ಭಾಷಣ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಕೋನುಗಳು ಒಂದೊಂದಾಗಿ ಉರುಳಿದ್ದು ಕಣ್ಣ ಮುಂದೆ ಬಂತು. ಅವನ ಪಕ್ಕದಲ್ಲಿ ಕೂತೆ. ನಾನು ಸುಮ್ಮನಿದ್ದದ್ದು ಅವನಿಗೆ ಎಷ್ಟು ವಿಚಿತ್ರವೆನ್ನಿಸಿತೆಂದರೆ, "ಅಪ್ಪ, ಹುಷಾರಾಗಿದೀಯಾ?" ಎಂದು ಕೇಳಿದ.

ಮನೆಗೆ ಬಂದು ಬೀರುವಿನಿಂದ ಅವನ ಫೋನು ತೆಗೆದುಕೊಟ್ಟೆ. ಅವನು ಆ್ಯಪ್ ಹಾಕಿಕೊಂಡ. ಬೋಳು ಕಡ್ಡಿ, ಸೊನ್ನೆ. ಹೆಂಡತಿ ನನ್ನ ಫೋನನ್ನೂ ಅವನದನ್ನೂ ನನ್ನ ಮೂಗಿನ ಮುಂದೆ ಹಿಡಿದಳು. ಒಂದರಲ್ಲಿ ಇಪ್ಪತ್ಮೂರು ಎಲೆಯ ಹುಲುಸಾದ ಗಿಡ, ಇನ್ನೊಂದರಲ್ಲಿ ಕಡ್ಡಿ.

"ಇದು ಸ್ಪಷ್ಟವಾ, ಇದಾ?" ಎಂದಳು.

"ಕಡ್ಡಿ," ಎಂದೆ.

ಆ್ಯಪಿನಲ್ಲಿ ಒಬ್ಬ ಜೊತೆಗಾರನನ್ನು ಆರಿಸಿಕೊಳ್ಳಬೇಕು. ಕೆಂಪು ಗುಂಡಿ ಒತ್ತಿದರೆ ಆ ಜೊತೆಗಾರನ ಫೋನು ಗುಂಯ್‌ಗುಡುತ್ತದೆ. ಅವನು ಮೂರೇ ಮಾತು ಕಳಿಸಬಹುದು, ಅವೂ ಸಿದ್ಧಪಡಿಸಿದವು: "ಇದ್ದೇನೆ." "ನೀರು ಕುಡಿ." "ಪರವಾಗಿಲ್ಲ, ಮತ್ತೆ ಒಂದರಿಂದ." ನಾಲ್ಕನೆಯದು ಟೈಪು ಮಾಡಲು ಜಾಗವೇ ಇಲ್ಲ. (ಆ ಆ್ಯಪು ಮಾಡಿದವನಿಗೂ ಒಬ್ಬ ಅಪ್ಪ ಇದ್ದಿರಬೇಕು.) ಅಮ್ಮನನ್ನೇ ಆರಿಸುತ್ತಾನೆ ಎಂದುಕೊಂಡು ನಾನು ಎದ್ದೆ. ಅವನು ನನ್ನ ನಂಬರು ಹಾಕಿದ.

"ನಾನಾ?" ಎಂದೆ.

"ದೊಡ್ಡತ್ತೆ ಹತ್ರ ನನಗೋಸ್ಕರ ಅರ್ಧ ಗಂಟೆ ಬೈಸ್ಕೊಂಡ್ಯಲ್ಲ," ಎಂದ ಫೋನಿನಿಂದ ತಲೆಯೆತ್ತದೆ. "ಮೂರೇ ಮಾತು ಅಪ್ಪ, ನೆನಪಿಟ್ಕೋ."

ಆಮೇಲಿನ ವಾರಗಳಲ್ಲಿ ನನ್ನ ಜೇಬು ದಿನಕ್ಕೆ ಹತ್ತು ಸಲ ಗುಂಯ್‌ಗುಟ್ಟಿತು. ಮೊದಲ ಸಲ ಅದು ಗುಂಯ್ ಎಂದಾಗ ಹೆಡ್‌ಮಿಸ್ ಮರುಪರೀಕ್ಷೆಗೆ ತಯಾರಿ ನಡೆಸುತ್ತ ಮಾರುಕಟ್ಟೆ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದರು. ನಾನು ಎರಡೂ ಹೆಬ್ಬೆರಳಿನಿಂದ ಫೋನು ಹಿಡಿದು, ಮೂರರಲ್ಲಿ ಯಾವುದು ಎಂದು ಬೆವರುತ್ತ, "ಇದ್ದೇನೆ" ಒತ್ತಿದೆ. ತಲೆಯೆತ್ತಿದರೆ ಕಾರು ನಿಂತಿತ್ತು. ಎದುರಿಗೆ ಒಬ್ಬಾಕೆ ಎರಡು ಮಕ್ಕಳ ಕೈ ಹಿಡಿದು ರಸ್ತೆ ದಾಟುತ್ತಿದ್ದಳು. ನನ್ನ ಬಲಗಾಲು ಗಾಳಿಯಲ್ಲಿತ್ತು.

"ನೋಡಿದ್ರಾ ಮೇಷ್ಟ್ರೇ," ಎಂದರು ಹೆಡ್‌ಮಿಸ್. "ನಾನೇ."

ಆ ತಿಂಗಳಲ್ಲೇ ಅವರು ಪಾಸಾದರು. ಮಗ ಒಂಬತ್ತನೆಯ ದಿನ ಜಾರಿದ. "ಜಾರಿದೆ" ಎಂದು ತಾನೇ ಒತ್ತಿದ. ನನ್ನ ಫೋನಿಗೆ ಸುದ್ದಿ ಬಂದಾಗ ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನೆಲವನ್ನು ಏಳೆಂಟು ಸಲ ಒತ್ತಿ, ಹೊರಗೆ ಬಂದು, "ಪರವಾಗಿಲ್ಲ, ಮತ್ತೆ ಒಂದರಿಂದ" ಕಳಿಸಿದೆ. ಅವತ್ತಿನಿಂದ ಅವನ ಎಣಿಕೆ ನಿಂತಿಲ್ಲ. ಗುಂಯ್ ಎನ್ನುವುದು ಹತ್ತರಿಂದ ನಾಲ್ಕಕ್ಕೆ, ನಾಲ್ಕರಿಂದ ಒಂದಕ್ಕೆ ಇಳಿದಿದೆ. ಕೆಲವು ದಿನ ಒಂದೂ ಇಲ್ಲ. ಆಗ ನನಗೇ ಏನೋ ಕಳೆದುಕೊಂಡ ಹಾಗಾಗಿ ಫೋನು ತೆಗೆದು ತೆಗೆದು ನೋಡುತ್ತೇನೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಕಳೆದ ವಾರ ತಾಯಿ ಮಗ ಸೇರಿ ನನ್ನ ಫೋನಿನ ಹುಲುಸಾದ ಗಿಡವನ್ನು ಅಳಿಸಿ ಹಾಕಿದರು. ಆ್ಯಪಿನಲ್ಲಿ "ಏನನ್ನು ಬಿಡಬೇಕು?" ಎಂಬ ಪ್ರಶ್ನೆಗೆ ವೇಪು, ಸಿಗರೇಟು, ಇತರೆ ಎಂದು ಮೂರು ಆಯ್ಕೆ. ಇವರು "ಇತರೆ" ಒತ್ತಿ, ಮುಂದೆ "ಬ್ರೇಕು ಮತ್ತು ಭಾಷಣ" ಎಂದು ಬರೆದರು. ಜೊತೆಗಾರ: ಮಗ.

"ಇದು ಅನ್ಯಾಯ," ಎಂದೆ.

"ಕೈ ನಡುಗುತ್ತಾ ಅಪ್ಪ?" ಎಂದು ಕೇಳಿದ ಮಗ.

ಕಾಲು ನಡುಗುತ್ತಿತ್ತು. ಆದರೂ ಆರು ದಿನ ತಡೆದುಕೊಂಡೆ. ಆರು ಎಲೆ, ಎಲ್ಲವೂ ಅಪ್ಪಟ ನನ್ನವು.

ಇವತ್ತು ಸಂಜೆ ಆರಕ್ಕೆ ಮಗ ಗೆಳೆಯನ ಹುಟ್ಟುಹಬ್ಬಕ್ಕೆ ಹೊರಟ. ಆ ಗೆಳೆಯ ಯಾರು ಬಲ್ಲಿರಾ? ಸ್ಟ್ರಾಬೆರಿ ಮಂಡಳಿಯ ಸಂಸ್ಥಾಪಕ ಅಧ್ಯಕ್ಷ. ಅಲ್ಲಿ ಸೇರುವವರೆಲ್ಲ ಅದೇ ಪೈಕಿ. ಮಗ ನನ್ನ ಮುಖ ನೋಡಿದ. ನಾನು ತುಟಿ ಎರಡು ಮಾಡಲಿಲ್ಲ. "ಹೋಗ್ಬರ್ತೀನಿ," ಎಂದು ಅವನು ಮೂರು ಮೂರು ಮೆಟ್ಟಿಲು ಹಾರುತ್ತ ಇಳಿದ ಸದ್ದು ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಕೇಳಿದ ಆ ಸದ್ದಿಗೆ ಸಂತೋಷಪಟ್ಟು ಸುಮ್ಮನೆ ಕೂರಬೇಕಿತ್ತು. ಒಂದೇ ಒಂದು ಮಾತು ಹೇಳಿ ಬಂದುಬಿಡೋಣ ಅನ್ನಿಸಿತು.

"ರೀ," ಎಂದಳು ಹೆಂಡತಿ. ನಾನಾಗಲೇ ಬಾಗಿಲು ದಾಟಿದ್ದೆ.

"ಲೋ, ಅವರು ಕೊಟ್ರೆ..." ಎಂದು ಶುರುಮಾಡಿ ಮೂರನೇ ಮಹಡಿ, "...ಶ್ವಾಸಕೋಶ ಅನ್ನೋದು..." ಎಂದು ಎರಡನೇ ಮಹಡಿ, ಅಷ್ಟರಲ್ಲಿ ಉಸಿರು ಕಟ್ಟಿ ಮೆಟ್ಟಿಲ ಕಂಬಿ ಹಿಡಿದುಕೊಂಡೆ. ಅವನು ಬೀದಿ ತುದಿ ತಲುಪಿಯಾಗಿತ್ತು. ಎರಡನೇ ಮಹಡಿಯ ನೆರೆಯಾಕೆ ಬಾಗಿಲು ತೆರೆದು, "ಏನಾಯ್ತು ಅಣ್ಣ?" ಎಂದರು. ನಾನು ಬಗ್ಗಿ ಶೂ ಲೇಸು ಕಟ್ಟುವ ಹಾಗೆ ಮಾಡಿದೆ. ಹಾಕಿಕೊಂಡಿದ್ದದ್ದು ಚಪ್ಪಲಿ.

ಏದುಸಿರು ಬಿಡುತ್ತ ಮೇಲೆ ಬಂದು ಸೋಫಾದಲ್ಲಿ ಕುಸಿದೆ. ಕಾಲು ತನ್ನ ಟೈಲ್ಸನ್ನು ಹುಡುಕಿಕೊಂಡಿತು. ಏಳು ಗಂಟೆಗೆ ಫೋನು ಟಿಣ್ ಎಂದಿತು. ಇವತ್ತು ಹೇಗಿತ್ತು?

"ಗೆದ್ದೆ" ಒತ್ತಬಹುದಿತ್ತು. ಅಭ್ಯಾಸವಿದ್ದ ಬೆರಳು ಅತ್ತಲೇ ಹೊರಟಿತ್ತು. ಹೆಂಡತಿ ಕನ್ನಡಕ ಸರಿಮಾಡಿಕೊಂಡಳು. ನಾನು "ಜಾರಿದೆ" ಒತ್ತಿದೆ.

ಒಂದು ನಿಮಿಷವೂ ಆಗಿರಲಿಲ್ಲ. ಹುಟ್ಟುಹಬ್ಬದ ಗದ್ದಲದ ನಡುವಿನಿಂದ ಮಗನ ಉತ್ತರ ಬಂತು: "ಪರವಾಗಿಲ್ಲ, ಮತ್ತೆ ಒಂದರಿಂದ." ಅದರ ಹಿಂದೆಯೇ ಅವನ ಕುಂಡದ ಸುದ್ದಿಯೂ ಬಂತು, ನಲವತ್ತೆರಡನೆಯ ದಿನ, ಹೊಸದೊಂದು ಎಲೆ. ಅದನ್ನು ನೋಡುತ್ತ ಕೂತಿದ್ದಾಗ ಫೋನು ಇನ್ನೊಮ್ಮೆ ಗುಂಯ್ ಎಂದಿತು.

"ನೀರು ಕುಡಿ."

ಎದ್ದು ಹೋಗಿ ಎರಡು ಲೋಟ ಕುಡಿದೆ.